ಬೂಷ್ಟಿಗೆ ಜಾಗವಿಲ್ಲದ ಮನೆ

ನಾನು ಜೀವನದಲ್ಲಿ ನಿಷ್ಠೆಯಿಂದ ಹಗೆ ಸಾಧಿಸಿದ್ದು ಬೂಷ್ಟಿನ ಮೇಲೆ ಮಾತ್ರ. ಮನುಷ್ಯರ ಮೇಲೂ ಸಾಧಿಸಿದ್ದುಂಟು, ಆದರೆ ಅವರಲ್ಲಿ ಕೆಲವರನ್ನು ಕಾಲಕ್ರಮದಲ್ಲಿ ಕ್ಷಮಿಸಿದ್ದೇನೆ. ಬೂಷ್ಟನ್ನು ಕ್ಷಮಿಸಿಲ್ಲ. ಜಯನಗರ ಏಳನೇ ಬ್ಲಾಕಿನ ನಮ್ಮ ಬೀದಿಯಲ್ಲಿ ವಾರಿಜಾ ಟೀಚರ್, ಅಂದರೆ ನಾನು, ಹಾಕಿದ ಉಪ್ಪಿನಕಾಯಿ ಎರಡು ವರ್ಷವಾದರೂ ಕೆಡುವುದಿಲ್ಲವೆಂದು ಎಲ್ಲರೂ ಹೇಳುತ್ತಾರೆ. ಅವರು ಹೇಳದಿದ್ದರೆ ನಾನೇ ಹೇಳುತ್ತೇನೆ. ಪಿಂಗಾಣಿ ಜಾಡಿಯನ್ನು ತೊಳೆದು, ಬಿಸಿಲಿಗಿಟ್ಟು, ಕೆಂಡದ ಮೇಲೆ ಇಂಗು ಉದುರಿಸಿ ಆ ಹೊಗೆಗೆ ಜಾಡಿಯನ್ನು ಬೋರಲು ಹಾಕಿ, ಆಮೇಲೆ ಹೋಳು ತುಂಬುತ್ತೇನೆ. ಒದ್ದೆ ಚಮಚ ಹಿಡಿದು ಜಾಡಿಯ ಹತ್ತಿರ ಬಂದವರು ಎರಡನೇ ಸಲ ಬಂದದ್ದಿಲ್ಲ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. ಸಹಜೀವನ ಎಂದರೇನು, ಒಂದು ಉದಾಹರಣೆ ಕೊಡಿ, ಎರಡು ಅಂಕ. ಅದನ್ನು ಎಷ್ಟು ತಲೆಮಾರಿಗೆ ಬಾಯಿಪಾಠ ಮಾಡಿಸಿದ್ದೇನೋ ಲೆಕ್ಕವಿಲ್ಲ. ಸ್ವತಃ ಮದುವೆಯಾಗಲಿಲ್ಲ, ಯಾರನ್ನೂ ಜೊತೆಗಿಟ್ಟುಕೊಳ್ಳಲಿಲ್ಲ, ಯಾರ ಹಂಗೂ ಇಲ್ಲ ಎಂದು ಎದೆ ತಟ್ಟಿಕೊಂಡು ಅರವತ್ತು ದಾಟಿದೆ. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎಂದರೆ ಇದೇ ಇರಬೇಕು. ನನ್ನ ಗಾಳಕ್ಕೆ ಮೀನೂ ಬಿದ್ದಿರಲಿಲ್ಲ.

ಆಮೇಲೆ ವಿಭಾ ಬಂದಳು. ಮೈಸೂರಿನಲ್ಲಿರುವ ನನ್ನ ತಂಗಿಯ ಮಗಳು. ಇಲ್ಲಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡುತ್ತಾಳೆ. ಮೊದಲು ಬಿಟಿಎಂ ಲೇಔಟಿನ ಒಂದು ಪಿ.ಜಿ.ಯಲ್ಲಿದ್ದಳು. ನೋಡಲು ಹೋದ ನಾನು ಅಲ್ಲಿನ ಬಚ್ಚಲುಮನೆಯ ಗೋಡೆಯಲ್ಲಿ ಬೂಷ್ಟು ಕಂಡು, ಅವತ್ತೇ ಅವಳ ಪೆಟ್ಟಿಗೆ ಕಟ್ಟಿಸಿ ಆಟೋದಲ್ಲಿ ಕರೆತಂದೆ. ಪಾಪ, ಅವಳಿಗೆ ಈ ಊರಿನಲ್ಲಿ ನಾನಲ್ಲದೆ ಯಾರಿದ್ದಾರೆ ಎಂದು ಬೀದಿಯವರಿಗೆಲ್ಲ ಹೇಳಿದೆ. ತಂಗಿಗೂ ಹೇಳಿದೆ. ವಿಭಾ ಎದುರಿಗಿದ್ದಾಗಲೂ ಹೇಳುತ್ತಿದ್ದೆ. ಅವಳು ತಲೆಬಗ್ಗಿಸಿ ಊಟ ಮಾಡುತ್ತಿದ್ದಳು. ಕೃತಜ್ಞತೆಯಿಂದ ಎಂದು ನಾನು ತಿಳಿದಿದ್ದೆ.

ಹುಡುಗಿ ಒಳ್ಳೆಯವಳು. ಆದರೆ ಅವಳ ಸಂಶೋಧನೆಯ ವಿಷಯ ಕೇಳಿ ನನಗೆ ತಲೆ ತಿರುಗಿತು. ಅವಳು ಓದುತ್ತಿದ್ದದ್ದು ಬೂಷ್ಟನ್ನೇ. ಬೂಷ್ಟಲ್ಲ ದೊಡ್ಡಮ್ಮ, ಶಿಲೀಂಧ್ರ, ಎಂದು ತಿದ್ದುತ್ತಿದ್ದಳು. ರಾತ್ರಿ ಊಟಕ್ಕೆ ಕೂತಾಗ ಸಾರನ್ನದ ಮೇಲೆ ಬೆರಳಾಡಿಸುತ್ತ ಹೇಳುತ್ತಿದ್ದಳು: ನಲವತ್ತೈದು ಕೋಟಿ ವರ್ಷಕ್ಕೂ ಹಿಂದೆ ಗಿಡಗಳು ನೀರು ಬಿಟ್ಟು ನೆಲಕ್ಕೆ ಬಂದವು. ಬಂದಾಗ ಅವಕ್ಕೆ ಬೇರೇ ಇರಲಿಲ್ಲ. ನೆಲದ ಮೇಲೆ ನಾವು ಮಣ್ಣು ಎನ್ನುವಂಥದ್ದೂ ಇರಲಿಲ್ಲ, ಬಂಡೆ ಮತ್ತು ಪುಡಿಕಲ್ಲು. ಗಿಡಕ್ಕೆ ಬೇಕಾದ, ಬಂಡೆಯೊಳಗಿನ ರಂಜಕವನ್ನು ಕರಗಿಸಿ ತಂದುಕೊಡಲು ಶಿಲೀಂಧ್ರ ಬೇಕಾಯಿತು. ಬಿಸಿಲಿನಿಂದ ಸಕ್ಕರೆ ಮಾಡಲು ಬಾರದ ಶಿಲೀಂಧ್ರಕ್ಕೆ ಗಿಡ ಬೇಕಾಯಿತು. ಸ್ಕಾಟ್ಲೆಂಡಿನ ಒಂದು ಹಳ್ಳಿಯ ಕಲ್ಲನ್ನು ತೆಳ್ಳಗೆ ಸೀಳಿ ನೋಡಿದರೆ ನಲವತ್ತು ಕೋಟಿ ವರ್ಷದ ಹಳೆಯ ಗಿಡ ಕಾಣುತ್ತದೆ, ಅದರ ಜೀವಕೋಶದೊಳಗೆ ಶಿಲೀಂಧ್ರವು ಪುಟ್ಟ ಮರದ ಹಾಗೆ ಕವಲೊಡೆದು ಕೂತಿದೆಯಂತೆ.

ಜೀವಕೋಶದೊಳಗೇ ಬಿಟ್ಟುಕೊಂಡಿತೇ, ನಾಚಿಕೆ ಬೇಡವೇ ಆ ಗಿಡಕ್ಕೆ ಎಂದು ನಾನು ಕೇಳಿದೆ. ಇವತ್ತಿಗೂ ಹೆಚ್ಚಿನ ಗಿಡಗಳು ಹಾಗೇ ಬದುಕುತ್ತಿವೆ ಎಂದಳು. ಸಾಸಿವೆ, ಎಲೆಕೋಸಿನ ಕುಲದವು ಮಾತ್ರ ಎಂದೋ ಆ ಸಂಬಂಧ ಕಡಿದುಕೊಂಡು ತಮ್ಮಷ್ಟಕ್ಕೆ ಇವೆಯಂತೆ. ನನಗೆ ಹಿಡಿಸಿತು. ನಾನು ಸಾಸಿವೆ ಕುಲದವಳು ಕಣೆ ಎಂದು ಹೇಳಿ ಇನ್ನೊಂದು ಸೌಟು ಸಾರು ಬಡಿಸಿದೆ. ನನ್ನ ವಿದ್ಯಾಭ್ಯಾಸ ಅಷ್ಟಕ್ಕೆ ಮುಗಿಯಿತು.

ಜೂನಿನಲ್ಲಿ ಅವಳ ಸಂಸ್ಥೆಯಲ್ಲಿ ಗಿಡ ಬೆಳೆಸುವ ಕೋಣೆಯ ಸೂರು ಸೋರತೊಡಗಿತು. ಹುಡುಗರೆಲ್ಲ ತಮ್ಮ ತಮ್ಮ ಕುಂಡಗಳನ್ನು ಜಾಗ ಸಿಕ್ಕಲ್ಲಿಗೆ ಸಾಗಿಸಿದರು. ವಿಭಾ ತನ್ನವನ್ನು ನಮ್ಮ ತಾರಸಿಯ ಕೋಣೆಗೆ ತಂದಳು. ಅವನ್ನು ಗಿಡವೆನ್ನಲು ನನಗೆ ಮನಸ್ಸಾಗಲಿಲ್ಲ. ಕಾಂಡವಿಲ್ಲ, ಬೇರಿಲ್ಲ, ಹೂವಿನ ಮಾತೇ ಇಲ್ಲ. ಬಾವಿಕಟ್ಟೆಯ ಒದ್ದೆಗೆ ಅಂಟಿಕೊಂಡಿರುವ ಹಸಿರು ಪಕಳೆಯಂಥದ್ದು. ಲಿವರ್‌ವರ್ಟ್ ಎನ್ನುತ್ತಾರಂತೆ. ನೆಲಕ್ಕೆ ಬಂದ ಮೊದಲ ಗಿಡಗಳು ಹೆಚ್ಚುಕಡಿಮೆ ಹೀಗೇ ಇದ್ದಿರಬಹುದಂತೆ. ಅರ್ಧ ಕುಂಡಗಳಲ್ಲಿ ಗಿಡದ ಜೊತೆ ಶಿಲೀಂಧ್ರವಿತ್ತು, ಇನ್ನರ್ಧದಲ್ಲಿ ಗಿಡ ಒಂಟಿ. ಎರಡನ್ನೂ ಹೋಲಿಸಿ, ಯಾರು ಯಾರಿಗೆ ಎಷ್ಟು ಕೊಡುತ್ತಾರೆ ಎಂದು ಅಳೆಯುವುದು ಅವಳ ಕೆಲಸ. ಅದು ಅವಳ ಪಿಎಚ್.ಡಿ.ಯ ಕೊನೆಯ ಅಧ್ಯಾಯ, ತಿಂಗಳುಗಟ್ಟಲೆ ಬೆಳೆಸಿದ್ದು.

ಅಷ್ಟರಲ್ಲಿ ಪುಣೆಯ ಒಂದು ಲ್ಯಾಬಿನಲ್ಲಿ ದೊಡ್ಡ ಸೂಕ್ಷ್ಮದರ್ಶಕ ಬಳಸಲು ಅವಳಿಗೆ ಅವಕಾಶ ಸಿಕ್ಕಿತು. ಎರಡು ವಾರದ ಕೆಲಸ. ಹೊರಡುವಾಗ ನನ್ನ ಕೈಗೆ ನೀರಿನ ಕ್ಯಾನು ಕೊಟ್ಟು, ದಿನಾ ಬೆಳಿಗ್ಗೆ ತಟ್ಟೆಗೆ ಇಷ್ಟು ಹುಯ್ಯಿರಿ, ಮತ್ತೇನೂ ಮಾಡಬೇಡಿ ಎಂದಳು. ಬಾಗಿಲಲ್ಲಿ ನಿಂತು ಮತ್ತೊಮ್ಮೆ ಅದನ್ನೇ ಹೇಳಿದಳು. ಬಿ.ಎಸ್ಸಿ.ಯಲ್ಲಿ ಫಸ್ಟ್ ಕ್ಲಾಸ್ ಬಂದವಳಿಗೆ ಎರಡು ಸಲ ಹೇಳಬೇಕೇ ಎಂದು ನನಗೆ ಸ್ವಲ್ಪ ಸಿಟ್ಟೂ ಬಂತು.

ಕೆಲವು ದಿನ ನೀರು ಹುಯ್ದೆ, ಸುಮ್ಮನಿದ್ದೆ. ಸುಮ್ಮನಿರುವುದು ನನ್ನ ಜಾತಕದಲ್ಲಿಲ್ಲ. ಒಂದು ಬೆಳಿಗ್ಗೆ ಮೋಡ ಕವಿದಿತ್ತು, ತಾರಸಿ ಕೋಣೆಯಲ್ಲಿ ತೇವದ ವಾಸನೆ. ಕನ್ನಡಕ ಏರಿಸಿ ನೋಡಿದರೆ ಎರಡು ಕುಂಡಗಳ ಮಣ್ಣಿನ ಮೇಲೆ ಬಿಳಿಯ ನೂಲು ಹಬ್ಬಿದೆ. ಬೂಷ್ಟು. ಇನ್ನಷ್ಟು ಬಗ್ಗಿ ನೋಡಿದೆ. ಎಷ್ಟೋ ಗಿಡಗಳ ನಡುಭಾಗ ನೇರಳೆ ಬಣ್ಣಕ್ಕೆ ತಿರುಗಿದೆ, ನಂಜೇರಿದ ಹಾಗೆ. ಮಗು ಅಷ್ಟು ದೂರ ಹೋಗಿದೆ, ಇಲ್ಲಿ ಅವಳ ಗಿಡಗಳು ಕೊಳೆಯುತ್ತಿವೆ. ಗಾಬರಿಯ ಜೊತೆಗೆ ಒಂದು ಸಣ್ಣ ಉತ್ಸಾಹವೂ ಆಯಿತೆಂದು ಈಗ ಒಪ್ಪಿಕೊಳ್ಳುತ್ತೇನೆ. ಕೊನೆಗೂ ನನ್ನ ವಿದ್ಯೆ ಬೇಕಾಗುವ ಕಾಲ ಬಂದಿತ್ತು.

ಅವಳಿಗೆ ಫೋನ್ ಮಾಡಬಹುದಿತ್ತು. ಮಾಡಿದರೆ ಬೇಡವೆನ್ನುತ್ತಾಳೆಂದು ಗೊತ್ತಿದ್ದರಿಂದಲೇ ಮಾಡಲಿಲ್ಲ. ಹಳೆಯ ಪ್ರೆಷರ್ ಕುಕ್ಕರ್ ಇಳಿಸಿ, ನರ್ಸರಿಯಿಂದ ತಂದ ಮಣ್ಣನ್ನು ಅದರಲ್ಲಿ ಹಾಕಿ ಕೂಗಿಸಿದೆ. ಕೆಂಡ ಮಾಡಿ, ಇಂಗು ಉದುರಿಸಿ, ಒಂದೊಂದೇ ಕುಂಡವನ್ನು ಖಾಲಿ ಮಾಡಿ ತೊಳೆದು ಹೊಗೆಗೆ ಬೋರಲು ಹಾಕಿದೆ. ಗಿಡಗಳನ್ನು ಅರಿಸಿನದ ನೀರಿನಲ್ಲಿ ಅದ್ದಿದೆ. ಸೊಪ್ಪು ಬಿಡಿಸುವ ಹಾಗೆ ಕಾಲು ಚಾಚಿ ಕೂತು, ನೇರಳೆಯಾದ ಭಾಗವನ್ನೆಲ್ಲ ಉಗುರಿನಿಂದ ಚಿವುಟಿ ತೆಗೆದೆ. ಉಳಿದ ಹಸಿರು ತುದಿಗಳನ್ನು ಬೇಯಿಸಿದ ಮಣ್ಣಿನಲ್ಲಿ ನೆಟ್ಟೆ.

ವಾಸನೆ ಪಕ್ಕದ ಮನೆಗೆ ಹೋಯಿತು. ಪಕ್ಕದ ಸಿದ್ದಗಂಗಮ್ಮ, ನನ್ನದೇ ವಯಸ್ಸಿನವರು, ಗಂಡನ ಬಟ್ಟೆ ಅಂಗಡಿಯ ಗಲ್ಲಾದಲ್ಲಿ ಕೂತು ಕೂತು ಮಾತು ಚೂಪಾದವರು, ತಮ್ಮ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದರು. ಗೋಡೆಯ ಮೇಲಿಂದ ಇಣುಕಿದರು.

"ಏನ್ ಟೀಚರಮ್ಮ, ಇವತ್ತು ಮಣ್ಣಿನ ಹುಳೀನಾ?"

ವಿಜ್ಞಾನದ ಕೆಲಸವೆಂದು ಹೇಳಿ ಅವರನ್ನು ಅಲ್ಲಿಗೇ ನಿಲ್ಲಿಸಿದೆ. ವಿಭಾ ಹೇಳಿದ್ದಾಳಾ ಎಂದು ಕೇಳಿದರು. ಅವಳಿಗೇನು ಗೊತ್ತು, ಇನ್ನೂ ಕಲಿಯುವ ಹುಡುಗಿ ಎಂದೆ. ಸಂಜೆಯ ಹೊತ್ತಿಗೆ ಕುಂಡಗಳೆಲ್ಲ ಫಳಫಳ. ಎಲ್ಲ ಗಿಡಗಳೂ ಒಂದೇ ಅಳತೆ, ಒಂದೇ ಹಸಿರು. ಸಾಲಾಗಿ ಜೋಡಿಸಿಟ್ಟು, ದೃಷ್ಟಿ ತಾಕೀತೆಂದು ದೀಪವನ್ನೂ ಬೇಗ ಆರಿಸಿದೆ.

ವಿಭಾ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಅವಳಿಗಿಷ್ಟವೆಂದು ಅವಲಕ್ಕಿ ಒಗ್ಗರಣೆ ಮಾಡಿಟ್ಟಿದ್ದೆ. ತಿನ್ನದೆ ತಾರಸಿಗೆ ಓಡಿದಳು. ನಾನು ಹಿಂದೆಯೇ ಹೋದೆ, ಬಹುಮಾನ ವಿತರಣೆಗೆ ಹೋಗುವ ಹುಡುಗಿಯ ಹಾಗೆ. ಅವಳು ಕೋಣೆಯ ನಡುವೆ ನಿಂತಿದ್ದಳು. ಗಿಡಗಳು ನಾನು ಬಿಟ್ಟ ಅಳತೆಯಲ್ಲೇ ಇದ್ದವು, ಅಂಚು ಹಳದಿಯಾಗಿತ್ತು. ನಾನು ಎಲ್ಲವನ್ನೂ ವಿವರಿಸಿದೆ. ಕುಕ್ಕರ್, ಇಂಗು, ಅರಿಸಿನ. ನೇರಳೆ ಭಾಗದ ವಿಷಯ ಬಂದಾಗ ಅವಳು ಅಲ್ಲೇ ನೆಲದ ಮೇಲೆ ಕೂತಳು.

ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು, ಕೂಗಾಟದಲ್ಲಿ ನನ್ನನ್ನು ಮೀರಿಸಿದವರಿಲ್ಲ. ಅವಳು ಮೆಲ್ಲಗೆ ಪಾಠ ಹೇಳುವ ಹಾಗೆ ಹೇಳಿದಳು. ಮೇಲೆ ಕಂಡ ಬಿಳಿ ನೂಲು ಎಲ್ಲ ಕಡೆ ಬರುವ ಸಾಮಾನ್ಯ ಬೂಷ್ಟು, ಅದರಿಂದ ಹೆಚ್ಚು ತೊಂದರೆಯಿರಲಿಲ್ಲ. ಅವಳ ಶಿಲೀಂಧ್ರ ಬರಿಗಣ್ಣಿಗೆ ಕಾಣುವುದೇ ಇಲ್ಲ, ಗಿಡದೊಳಗೆ ಇರುತ್ತದೆ. ಅದು ಒಳಗೆ ಸೇರಿಕೊಂಡ ಜಾಗದಲ್ಲಿ ಗಿಡ ನೇರಳೆಯಾಗುತ್ತದೆ. ನಾನು ಕೂತು ಹುಡುಕಿ ಹುಡುಕಿ ಚಿವುಟಿದ್ದು ಅದನ್ನೇ. ಒಂಟಿ ಗಿಡಗಳಿಗೆ, ಶಿಲೀಂಧ್ರ ಉಳಿಯದಿರಲೆಂದು, ಲ್ಯಾಬಿನಲ್ಲೂ ಮಣ್ಣನ್ನು ಹೀಗೇ ಬೇಯಿಸುತ್ತಾರಂತೆ.

"ಎಲ್ಲಾನೂ ಒಂಟಿ ಮಾಡ್ಬಿಟ್ರಿ, ದೊಡ್ಡಮ್ಮ," ಎಂದಳು.

ವಿನಾಯಕನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಆಗಲೇ ತಪ್ಪಾಯಿತು ಎಂದಿದ್ದರೆ ಈ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಇಲ್ಲದ ಮೀಸೆಯ ಮೇಲೆ ನನಗೆ ಬಹಳ ಮಮತೆ. ಕೋಪ ಉಕ್ಕಿ ಬಂತು, ಅವಳ ಮೇಲಲ್ಲ, ಆದರೆ ಎದುರಿಗಿದ್ದವಳು ಅವಳೇ.

"ಒಂಟಿಯಾದ್ರೇನಾಯ್ತು? ನಾನು ಬದುಕಿಲ್ವಾ?" ಎಂದೆ. "ನನ್ನ ಮನೇಲಿರೋರು ನನ್ನ ಥರ ಇರ್ಬೇಕು. ಅನ್ನ ನಂದು, ಸೂರು ನಂದು. ಇಲ್ಲಿ ಬೂಷ್ಟಿಗೆ ಜಾಗ ಇಲ್ಲ."

ಅವಳು ಎದ್ದು ನಿಂತು ನನ್ನನ್ನೇ ನೋಡಿದಳು. ಆ ಮಾತನ್ನು ಗಿಡದ ಬಗ್ಗೆ ಆಡಿದ್ದಲ್ಲವೆಂದು ಇಬ್ಬರಿಗೂ ಗೊತ್ತಾಯಿತು. ಸರಿ ಎಂದಳು. ಮಧ್ಯಾಹ್ನದೊಳಗೆ ಪೆಟ್ಟಿಗೆ ಕಟ್ಟಿದಳು. ಎಲ್ಲವನ್ನೂ ಮೊದಲಿನಿಂದ ಬೆಳೆಸಬೇಕು, ಲ್ಯಾಬಿಗೆ ಹತ್ತಿರವಿದ್ದರೆ ಅನುಕೂಲ, ಬಿಟಿಎಂನ ಹಳೇ ಪಿ.ಜಿ.ಯಲ್ಲೇ ಮಂಚ ಖಾಲಿಯಿದೆ ಎಂದು ಮರ್ಯಾದೆಯಿಂದ ಹೇಳಿದಳು. ಕಾಲಿಗೆ ನಮಸ್ಕಾರ ಮಾಡಿದಳು. ಅವಲಕ್ಕಿ ತಟ್ಟೆ ಹಾಗೇ ಇತ್ತು.

ನನ್ನ ಮನೆ ಮತ್ತೆ ಮೊದಲಿನ ಹಾಗಾಯಿತು. ಜಾಡಿಯಲ್ಲಿ ಒದ್ದೆ ಚಮಚವಿಲ್ಲ, ಬಚ್ಚಲಿನಲ್ಲಿ ಉದುರಿದ ಕೂದಲಿಲ್ಲ, ಸೋಫಾದ ಮೇಲೆ ಒದ್ದೆ ಟವೆಲ್ಲಿಲ್ಲ. ಇಟ್ಟ ವಸ್ತು ಇಟ್ಟಲ್ಲೇ ಇರುತ್ತದೆ. ಎರಡು ದಿನ ಇದನ್ನು ಸುಖವೆಂದು ಕರೆದೆ. ಆಮೇಲೆ ಕರೆಯಲು ಬೇರೆ ಹೆಸರು ಹುಡುಕಿದೆ.

ಅವಳಿಗೆ ನಾನು ಏನೇನು ಕೊಟ್ಟೆನೆಂಬುದು ನನಗೆ ಬಾಯಿಪಾಠವಾಗಿತ್ತು: ಅನ್ನ, ಸಾರು, ಬಿಸಿನೀರು, ಬುದ್ಧಿಮಾತು. ಅವಳು ನನಗೇನು ಕೊಟ್ಟಳೆಂಬುದು ಅವಳು ಹೋದಮೇಲೆ ಒಂದೊಂದಾಗಿ ಕಾಣತೊಡಗಿತು. ಸಂಜೆಯಾದರೆ ಸಿದ್ದಗಂಗಮ್ಮ ಬಂದು ಜಗಲಿಯ ಮೇಲೆ ಕೂರುತ್ತಿದ್ದರು, ನನ್ನ ಸ್ನೇಹಕ್ಕೆ ಎಂದುಕೊಂಡಿದ್ದೆ. ವಿಭಾ ಇಲ್ಲವೆಂದಮೇಲೆ ಅವರು ಬರುವುದು ನಿಂತಿತು. ಇಪ್ಪತ್ತು ವರ್ಷದಿಂದ ಪಕ್ಕದಲ್ಲಿದ್ದರೂ ಅವರು ನನ್ನ ಮನೆಗೆ ಬರತೊಡಗಿದ್ದು ಅವಳು ಬಂದಮೇಲೆಯೇ ಎಂದು ಆಗ ಹೊಳೆಯಿತು. ಇಡೀ ದಿನ ನನ್ನ ದನಿಯನ್ನು ನಾನೇ ಕೇಳಿರುವುದಿಲ್ಲ ಎಂದು ಗೊತ್ತಾಗುತ್ತಿದ್ದದ್ದು ತರಕಾರಿಯವನು ಬಂದಾಗ. ಗಂಟಲು ಕಟ್ಟಿಕೊಂಡಿರುತ್ತಿತ್ತು. ಒಂದು ದಿನ ಅವನ ಹತ್ತಿರ ಬೇಕಿಲ್ಲದ ಹೀರೇಕಾಯಿಗೆ ಬಹಳ ಹೊತ್ತು ಚೌಕಾಸಿ ಮಾಡಿದೆ. ಅವನು ಪಾಪ, ಹೆದರಿ ಅರ್ಧ ಬೆಲೆಗೆ ಕೊಟ್ಟುಹೋದ.

ತಂಗಿ ಫೋನ್ ಮಾಡಿದರೆ ವಿಭಾ ಸ್ನಾನಕ್ಕೆ ಹೋಗಿದ್ದಾಳೆ ಎಂದು ಸುಳ್ಳು ಹೇಳಿದೆ. ಮೂರನೇ ಸಲವೂ ಸ್ನಾನವೆಂದಾಗ ತಂಗಿ ನಕ್ಕಳು. ಅವಳಿಗೆ ಮೊದಲ ದಿನವೇ ಎಲ್ಲ ಗೊತ್ತಿತ್ತು. ನೀನೇ ಹೋಗಿ ಕರೆಯಬೇಕು ಅಕ್ಕ, ಅವಳು ತಾನಾಗಿ ಬರುವುದಿಲ್ಲ ಎಂದಳು. ನಾನು ಕರೆಯುವುದೇ ಎಂದು ಫೋನಿಟ್ಟೆ. ಇಟ್ಟವಳು ಅಡಿಗೆಮನೆಗೆ ಹೋಗಿ, ಒಬ್ಬಳಿಗೆ ಹೆಚ್ಚಾಗುವಷ್ಟು ಅಕ್ಕಿ ತೊಳೆದಿಟ್ಟಿದ್ದನ್ನು ನೋಡಿ ಅತ್ತೆ.

ಮರುದಿನ ಬಿಟಿಎಂ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಭಾಷಣ ತಯಾರು ಮಾಡಿದೆ. ಅವಳದೇ ವಿಷಯ ತೆಗೆದುಕೊಂಡು ಅವಳನ್ನು ಗೆಲ್ಲುವ ಯೋಜನೆ. ನಾನು ಗಿಡ, ನೀನು ಶಿಲೀಂಧ್ರ. ನಾನು ಸಕ್ಕರೆ ಕೊಡುತ್ತೇನೆ, ನೀನು ನನಗೆ ಹೊರಗಿನದನ್ನು ತಂದುಕೊಡುತ್ತೀಯೆ. ನಾನು ದೊಡ್ಡ ಮನಸ್ಸು ಮಾಡಿ ನಿನ್ನನ್ನು ಮತ್ತೆ ಒಳಗೆ ಬಿಟ್ಟುಕೊಳ್ಳಲು ಒಪ್ಪಿದ್ದೇನೆ. ಕ್ಷಮೆ ಕೇಳಲು ಹೊರಟವಳು ಭಾಷಣದಲ್ಲಿ ದೊಡ್ಡ ಪಾತ್ರವನ್ನು ನನಗೇ ಇಟ್ಟುಕೊಂಡಿದ್ದೆ. ಬಸ್ಸಿನಲ್ಲಿ ಅದು ಬಹಳ ಚೆನ್ನಾಗಿ ಕಂಡಿತು.

ಪಿ.ಜಿ.ಯ ಕೋಣೆಯಲ್ಲಿ ಮೂರು ಮಂಚ, ಕಿಟಕಿಗೆ ಕಟ್ಟಿದ ಹಗ್ಗದಲ್ಲಿ ಒದ್ದೆ ಬಟ್ಟೆ. ಉಳಿದಿಬ್ಬರು ಕೆಲಸಕ್ಕೆ ಹೋಗಿದ್ದರು. ವಿಭಾ ನನ್ನನ್ನು ನೋಡಿ ಗಾಬರಿಯಾದಳು, ಯಾರಿಗಾದರೂ ಹುಷಾರಿಲ್ಲವೇ ಎಂದು ಕೇಳಿದಳು. ಇಲ್ಲವೆಂದು, ಉಸಿರು ಬಿಡದೆ ಭಾಷಣ ಒಪ್ಪಿಸಿದೆ. ನಾನು ಗಿಡ ಎನ್ನುವಲ್ಲಿ ಕೈಯನ್ನು ಎದೆಯ ಮೇಲೂ ಇಟ್ಟುಕೊಂಡೆ. ಅವಳು ತಾಳ್ಮೆಯಿಂದ ಕೇಳಿದಳು. ಪರೀಕ್ಷೆಯಲ್ಲಿ ತಪ್ಪು ಬರೆದ ಮಕ್ಕಳನ್ನು ನಾನು ನೋಡುತ್ತಿದ್ದ ಹಾಗೆ ನೋಡಿದಳು, ಆದರೆ ನನಗಿಂತ ಕರುಣೆಯಿಂದ.

"ಉಲ್ಟಾ ಹೇಳ್ತಿದೀರಾ ದೊಡ್ಡಮ್ಮ," ಎಂದಳು. "ಮಣ್ಣಲ್ಲಿ ಬೇಕಾದಷ್ಟು ರಂಜಕ ಸಿಕ್ರೆ ಗಿಡ ಹೇಗೋ ನಿಭಾಯಿಸತ್ತೆ. ಗಿಡ ಇಲ್ದೆ ಬದುಕೋಕಾಗದೇ ಇರೋದು ಶಿಲೀಂಧ್ರಕ್ಕೆ. ಒಂದು ಬೀಜಕ ಮೊಳೆತರೆ ಸುತ್ತ ನೂಲು ಬಿಟ್ಟು ಗಿಡ ಹುಡುಕತ್ತೆ. ಸಿಗ್ಲಿಲ್ಲ ಅಂದ್ರೆ ಒಳಗಿರೋದೆಲ್ಲ ಖರ್ಚಾಗಿ ಸತ್ತುಹೋಗತ್ತೆ."

ಅವಳು ಚುಚ್ಚಲು ಹೇಳಿದ್ದಲ್ಲ. ತಪ್ಪನ್ನು ತಿದ್ದದೆ ಬಿಡಲಾರದ ಸ್ವಭಾವ, ಅದು ನಮ್ಮ ವಂಶದ್ದು. ನಾನು ಮಂಚದ ಅಂಚಿನಲ್ಲಿ ಕೂತು ಯೋಚಿಸಿದೆ. ಈ ಹುಡುಗಿ ಇಲ್ಲಿ ನಿಭಾಯಿಸುತ್ತಿದ್ದಳು. ಮೆಸ್ಸಿನ ಊಟ ತಿಂದು, ಹೊಸದಾಗಿ ಗಿಡ ನೆಟ್ಟು, ಸ್ವಲ್ಪ ಇಳಿದುಹೋಗಿದ್ದರೂ ಗಟ್ಟಿಯಾಗಿಯೇ ಇದ್ದಳು. ಗಿಡಕ್ಕಾಗಿ ತಡಕಾಡುತ್ತ ಬಸ್ಸು ಹತ್ತಿ ಬಂದವಳು ನಾನು. ಮೂವತ್ತು ವರ್ಷ ಪಾಠ ಹೇಳಿ, ಅಷ್ಟು ಜಾಡಿಗಳಿಗೆ ಹೊಗೆ ಹಾಕಿ, ಕೊನೆಗೆ ತಿಳಿದದ್ದು ಇಷ್ಟು.

"ಹಾಗಾದ್ರೆ ಬೂಷ್ಟು ನಾನೇ ಅಂತಾಯ್ತು," ಎಂದೆ.

ಅವಳು ನಗು ತಡೆಯಲು ನೋಡಿದಳು, ಆಗಲಿಲ್ಲ. ನನಗೂ ನಗು ಬಂತು. ನಗುತ್ತಿರುವಾಗಲೇ ಹೇಳಿಬಿಡದಿದ್ದರೆ ಇನ್ನು ಹೇಳುವುದಿಲ್ಲವೆಂದು ನನ್ನನ್ನು ಬಲ್ಲ ನನಗೆ ಗೊತ್ತಿತ್ತು.

"ನಿನ್ನ ಗಿಡ ಹಾಳ್ಮಾಡಿದ್ದು ನನ್ನ ತಪ್ಪು. ಅವತ್ತು ಅಂದಿದ್ದು ಅದಕ್ಕಿಂತ ದೊಡ್ಡ ತಪ್ಪು. ನೀನಿಲ್ದೆ ನಂಗೆ ಆಗ್ತಿಲ್ಲ ಕಣೆ. ಬಂದ್ಬಿಡು."

ಅವಳು ಎದ್ದುಹೋಗಿ ಹಗ್ಗದ ಮೇಲಿನ ಒದ್ದೆ ಬಟ್ಟೆಗಳನ್ನು ಒಂದೊಂದಾಗಿ ತಿರುವಿಹಾಕಿದಳು. ಬೇಯಿಸಿದ ಮಣ್ಣಿನಲ್ಲಿಟ್ಟ ಗಿಡದ ಹಾಗೆ ನಾನು ಇದ್ದಲ್ಲೇ ಇದ್ದೆ. ಆಮೇಲೆ ಅವಳು ನನ್ನ ಪಕ್ಕ ಬಂದು ಕೂತು, ಈಗಲೇ ಬರುವುದಿಲ್ಲ ಎಂದಳು. ಈ ಬೆಳೆ ಕೈಗೆ ಬರುವವರೆಗೆ ದಿನಕ್ಕೆರಡು ಸಲ ಲ್ಯಾಬಿಗೆ ಹೋಗಬೇಕು. ಅದು ನೆಪವೂ ಆಗಿರಬಹುದು, ನಿಜವೂ ಆಗಿರಬಹುದು, ಕೇಳುವ ಹಕ್ಕು ನನಗಿರಲಿಲ್ಲ. ಸರಿ ಎಂದು ಸೆರಗು ಸರಿಪಡಿಸಿಕೊಂಡು ಎದ್ದೆ. ಮೆಟ್ಟಿಲಿನವರೆಗೂ ಬಂದಳು.

"ಈ ಭಾನುವಾರ ಬರ್ತೀನಿ," ಎಂದಳು.

ನನಗೆ ಜೀವ ಬಂದ ಹಾಗಾಯಿತು. ಹುಳಿಯನ್ನವೋ, ಪಾಯಸವೋ, ಬೆಳಿಗ್ಗೆ ಎಷ್ಟು ಹೊತ್ತಿಗೆ ಎಲೆ ಹಾಕಲಿ ಎಂದು ಒಂದೇ ಸಮನೆ ಕೇಳತೊಡಗಿದೆ. ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು.

"ಊಟ ಮುಗಿಸ್ಕೊಂಡೇ ಬರ್ತೀನಿ ದೊಡ್ಡಮ್ಮ. ನಿಮ್ಮನ್ನ ನೋಡೋಕೆ ಬರ್ತೀನಿ."

ನನ್ನ ಮನೆಗೆ ಜನ ಉಪ್ಪಿನಕಾಯಿಗೆ ಬಂದಿದ್ದಾರೆ, ಮಕ್ಕಳ ಮನೆಪಾಠಕ್ಕೆ ಬಂದಿದ್ದಾರೆ, ಊಟಕ್ಕೆ ಬಂದಿದ್ದಾರೆ. ಬರೀ ನನ್ನನ್ನು ನೋಡಲು ಯಾರಾದರೂ ಬಂದದ್ದು ಎಷ್ಟು ನೆನೆದರೂ ನೆನಪಾಗಲಿಲ್ಲ. ಮೆಟ್ಟಿಲು ಕಾಣದೆ, ಗೋಡೆ ಹಿಡಿದುಕೊಂಡು ಇಳಿದೆ.